ಮೈಕಿನ ಮುಂದೆ ಬಾರದವನ ಆಲ್ಬಂ: ಮೆಟ್ರೋ ಬೂಮಿನ್‌ನ ‘ಹೀರೋಸ್ ಆ್ಯಂಡ್ ವಿಲನ್ಸ್’ ನಿಜಕ್ಕೂ ಯಾರದು?

ಕರಿಹಲಗೆ

ಗೆಳೆಯರ ಗುಂಪಿನಲ್ಲಿ ಈ ವಾದ ಬಗೆಹರಿಯುತ್ತಲೇ ಇಲ್ಲ, ಅದಕ್ಕೆ ಇಲ್ಲಿಗೆ ತಂದಿದ್ದೇನೆ. ಅಮೆರಿಕದ ಹಿಪ್-ಹಾಪ್ ಪ್ರೊಡ್ಯೂಸರ್ (ಹಾಡಿನ ಸಂಗೀತ ಕಟ್ಟುವವನು) ಮೆಟ್ರೋ ಬೂಮಿನ್ 2022ರ ಡಿಸೆಂಬರ್ 2ರಂದು ಬಿಡುಗಡೆ ಮಾಡಿದ ‘ಹೀರೋಸ್ ಆ್ಯಂಡ್ ವಿಲನ್ಸ್’ನಲ್ಲಿ 15 ಹಾಡು, 13 ಜನ ಅತಿಥಿಗಳು. ಜಾನ್ ಲೆಜೆಂಡ್, ಫ್ಯೂಚರ್, ಟ್ರಾವಿಸ್ ಸ್ಕಾಟ್, 21 ಸ್ಯಾವೇಜ್, ಯಂಗ್ ಥಗ್, ದ ವೀಕೆಂಡ್, ಏಸ್ಯಾಪ್ ರಾಕಿ, ಹೀಗೆ ಒಬ್ಬರಿಗಿಂತ ಒಬ್ಬರು ದೊಡ್ಡವರು. ಮೆಟ್ರೋ ಒಂದು ವರ್ಸೂ (ರ‍್ಯಾಪ್ ಚರಣ) ಹೇಳುವುದಿಲ್ಲ, ಒಂದು ಹುಕ್ಕೂ (ಪಲ್ಲವಿ) ಹಾಡುವುದಿಲ್ಲ. ಆದರೂ ಆಲ್ಬಂ ಮೇಲಿರುವುದು ಅವನೊಬ್ಬನದೇ ಹೆಸರು.

ಗೆಳೆಯರು ಹೇಳುವುದು: ಇದು ದುಬಾರಿ ಪ್ಲೇಲಿಸ್ಟ್ ಅಷ್ಟೇ, ಆಲ್ಬಂ ಅಲ್ಲ. ನಾನು ಒಪ್ಪುವುದಿಲ್ಲ. ‘ಐ ಕಾಂಟ್ ಸೇವ್ ಯೂ’ ಎಂಬ ಪುಟ್ಟ ಇಂಟರ್‌ಲೂಡ್ ಮುಗಿದು ‘ಕ್ರೀಪಿನ್’ ಶುರುವಾಗುವ ಜಾಗವನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫ್ಯೂಚರ್ ಮತ್ತು ಡಾನ್ ಟಾಲಿವರ್ ಬಿಟ್ಟುಹೋದ ಬೇಸರದ ಒಳಗಿನಿಂದಲೇ ವೀಕೆಂಡ್‌ನ ದನಿ ಏಳುತ್ತದೆ. ಆ ಕೂಡಿಕೆಯನ್ನು ಅವರ್ಯಾರೂ ಮಾಡಿದ್ದಲ್ಲ, ಮೆಟ್ರೋ ಮಾಡಿದ್ದು. ನನ್ನ ಪಾಲಿಗೆ ಆಲ್ಬಂನ ಒಡೆತನ ತೀರ್ಮಾನವಾಗುವುದೇ ಅಂಥ ಜಾಗಗಳಲ್ಲಿ. ನೀವೇನಂತೀರಿ?


ಹಳೇ_ಕ್ಯಾಸೆಟ್

ನಮ್ಮ ಕಡೆಯವರಿಗೆ ಈ ಗೊಂದಲ ಯಾಕೆ ಬರಬೇಕು ಅಂತಲೇ ನನ್ನ ಪ್ರಶ್ನೆ. ಕ್ಯಾಸೆಟ್ ಅಂಗಡಿಗೆ ಹೋಗಿ ‘ಹಂಸಲೇಖ ಅವರದ್ದು ಹೊಸದೇನು ಬಂದಿದೆ’ ಅಂತ ಕೇಳಿ ಬೆಳೆದವರು ನಾವು. ಹಾಡಿದವರು ಎಸ್‌ಪಿಬಿ, ಚಿತ್ರಾ, ಆದರೆ ಕ್ಯಾಸೆಟ್ ಸಂಗೀತ ನಿರ್ದೇಶಕರದ್ದು. ರಾಜನ್-ನಾಗೇಂದ್ರ ಹಾಡು ಅಂದರೆ ಅವರು ಹಾಡಿದ್ದು ಅಂತ ಯಾರೂ ತಿಳಿಯಲಿಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸಿನಿಮಾ ಹಾಡುಗಳನ್ನು ಕಥೆ ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಕಥೆ ಇಲ್ಲ, ಪರದೆಯ ಮೇಲೆ ನಾಯಕನೂ ಇಲ್ಲ. ಹಾಗಿದ್ದಾಗ 15 ಹಾಡುಗಳನ್ನು ಕಟ್ಟಿಹಾಕುವುದು ಏನು? ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಗೆಳೆಯರ ವಾದಕ್ಕೂ ಉತ್ತರ ಸಿಕ್ಕಂತೆ.


ಬೇಸ್_ಬಡಗಿ

ಸರ್, ಕಟ್ಟಿಹಾಕೋದು ಬಣ್ಣ. ನಾನು ಎಫ್ಎಲ್ ಸ್ಟುಡಿಯೋದಲ್ಲಿ ಬೀಟ್ (ರ‍್ಯಾಪ್ ಹಾಡಿನ ವಾದ್ಯಸಂಗೀತ) ಮಾಡ್ತೀನಿ, ಮೆಟ್ರೋ ಕೂಡ ಅದೇ ಸಾಫ್ಟ್‌ವೇರ್‌ನಲ್ಲಿ ಬೆಳೆದವನು. ಅವನ ಕೈಗುರುತು ಎಲ್ಲಿದ್ದರೂ ಗೊತ್ತಾಗುತ್ತೆ. ಮೇಲೆ ಮೈನರ್ ಸ್ವರಗಳಲ್ಲಿ ಒಂದು ಮಬ್ಬು ಮೆಲಡಿ, ಪಿಯಾನೋನೋ ತಂತಿವಾದ್ಯವೋ ಹಿಂದಿನ ದನಿಗಳ ತುಣುಕೋ. ಕೆಳಗೆ 808 ಬೇಸ್. ನಡುವಿನ ಜಾಗ ಪೂರ್ತಿ ಖಾಲಿ. ಆ ಖಾಲಿ ಜಾಗ ಹಾಡುವವರಿಗೆ ಬಿಟ್ಟಿದ್ದು. ಹೊಸಬರು ಬೀಟ್ ಮಾಡುವಾಗ ಆ ಜಾಗವನ್ನೇ ತುಂಬಿಸಿಬಿಡ್ತಾರೆ, ಆಮೇಲೆ ರ‍್ಯಾಪರ್‌ಗೆ ಉಸಿರಾಡೋಕೂ ತಾವಿರಲ್ಲ.

808 ಅಂದರೆ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನ್. 1980ರಲ್ಲಿ ಬಂತು, 1983ಕ್ಕೆ ತಯಾರಿಕೆ ನಿಂತಿತು, ಒಟ್ಟು ಸುಮಾರು 12,000 ಮಾತ್ರ ಮಾಡಿದ್ದು. ನಿಜವಾದ ಡ್ರಮ್ ಥರ ಕೇಳಲ್ಲ ಅಂತ ಜನ ದೂರ ಇಟ್ಟರು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿತ್ತು, ದುಡ್ಡಿಲ್ಲದ ಹುಡುಗರ ಕೈಗೆ ಬಂತು. ಮಯಾಮಿ, ಅಟ್ಲಾಂಟಾ, ಮೆಂಫಿಸ್‌ನವರು ಅದರ ಕಿಕ್ (ದೊಡ್ಡ ಡ್ರಮ್) ಸದ್ದನ್ನು ಎಳೆದು, ಶ್ರುತಿಗೆ ಹಾಕಿ, ಬೇಸ್ ವಾದ್ಯವನ್ನಾಗಿ ಮಾಡಿಕೊಂಡರು. ಇವತ್ತು ಟ್ರ್ಯಾಪ್ ಅಂತ ನಾವು ಕೇಳೋ ಹಿಪ್-ಹಾಪ್ ಶೈಲಿಯ ಬೆನ್ನುಮೂಳೆ ಅದೇ. ಅದರ ಮೇಲೆ ಓಡುವ, ತಾಳದಂತೆ ಸದ್ದು ಮಾಡುವ ಹೈ-ಹ್ಯಾಟ್‌ಗಳು, ಕೆಲವೆಡೆ ತ್ರಿಶ್ರದಲ್ಲಿ ಸಿಡಿಯುತ್ತವೆ, ಕೆಲವೆಡೆ ಇನ್ನೂ ದುಪ್ಪಟ್ಟು ವೇಗದಲ್ಲಿ.

ಈ ಆಲ್ಬಂನಲ್ಲಿ ಆ ಬಣ್ಣ ಮೊದಲಿಂದ ಕೊನೆವರೆಗೂ ಒಂದೇ. ಬೇರೆ ಬೇರೆ ಜನರ ಹಾಡುಗಳನ್ನು ತಂದು ಜೋಡಿಸಿದ್ದರೆ ಅದು ಆಗ್ತಿರಲಿಲ್ಲ.


ಧಾರವಾಡದ_ಕಿವಿ

ಬಣ್ಣ ಅಷ್ಟ ಅಲ್ರಿ, ಮಂದಿ ತಿರುಗಿ ತಿರುಗಿ ಬರೂದನ್ನ ನೋಡ್ರಿ. ಟ್ರಾವಿಸ್ ಸ್ಕಾಟ್ 4 ಹಾಡಿನ್ಯಾಗ ಅದಾನ, 21 ಸ್ಯಾವೇಜ್ 4ರಾಗ, ಫ್ಯೂಚರ್ 4ರಾಗ, ಡಾನ್ ಟಾಲಿವರ್ 3ರಾಗ. ದೊಡ್ಡ ಹೆಸರು ಒಂದೊಂದು ಸಲ ಬಂದು ಕೈ ಬೀಸಿ ಹೋಗೂ ಆಲ್ಬಂ ಅಲ್ಲ ಇದು. ಒಂದು ಪಾತ್ರವರ್ಗ ಐತಿ, ಅವರು ಹೋಗ್ತಾರ, ಮತ್ತ ಬರ್ತಾರ, ಬ್ಯಾರೆ ಜೋಡಿ ಕೂಡ ಬರ್ತಾರ. ಫ್ಯೂಚರ್ ಮೊದಲು ಕ್ರಿಸ್ ಬ್ರೌನ್ ಜೋಡಿ ‘ಸೂಪರ್‌ಹೀರೋ’ದಾಗ ಎದೆ ಉಬ್ಬಿಸಿ ನಿಂತಾನ. ‘ಐ ಕಾಂಟ್ ಸೇವ್ ಯೂ’ ಬರೂತನಕ ಅದ ಮನಷಾ ಕುಗ್ಗಿ ಹೋಗ್ಯಾನ. ಹಳೇ_ಕ್ಯಾಸೆಟ್ ಸರ್ ಕೇಳಿದ ಕಥಿ ಇದ ನೋಡ್ರಿ. ಮಾತಿನ್ಯಾಗ ಹೇಳಿಲ್ಲ, ಸಾಲು ಹಚ್ಚಿ ಹೇಳ್ಯಾನ.


ರಾತ್ರಿಪಾಳಿ

ಧಾರವಾಡದ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಡುವೆ ನಟ ಮಾರ್ಗನ್ ಫ್ರೀಮನ್ ನಿರೂಪಣೆ ಇರೋದನ್ನೂ ಸೇರಿಸಿಕೊಳ್ಳಿ. ಮೆಟ್ರೋ ಮತ್ತು 21 ಸ್ಯಾವೇಜ್ ಸೇರಿ ಮಾಡಿದ 2020ರ ‘ಸ್ಯಾವೇಜ್ ಮೋಡ್ 2’ರಲ್ಲೂ ಅದೇ ದನಿ ಇತ್ತು.


ಶ್ರುತಿಪೆಟ್ಟಿಗೆ

ಎಲ್ಲರೂ ಹೊಗಳುತ್ತಿರುವಾಗ ಅಡ್ಡ ಮಾತು ಅನ್ನಿಸಬಹುದು, ಆದರೆ ಹೇಳಲೇಬೇಕು. ಸಂಗೀತವಾಗಿ ನನಗೂ ಇಷ್ಟ. ‘ವಾಕ್ ಎಮ್ ಡೌನ್’ ಅರ್ಧದಲ್ಲಿ ತಿರುಗಿ ಮುಸ್ತಫಾ ಎಂಬ ಟೊರೊಂಟೋ ಗಾಯಕನ ಕೈಗೆ ಬರುವಾಗ ಉಸಿರು ಬಿಗಿ ಹಿಡಿದು ಕೇಳಿದ್ದೇನೆ. ಆದರೆ ಪದಗಳ ವಿಷಯವನ್ನು ಯಾರೂ ಎತ್ತುತ್ತಿಲ್ಲವಲ್ಲ? ಹೆಣ್ಣನ್ನು ಸಾಮಾನಿನಂತೆ ಎಣಿಸುವ ಸಾಲುಗಳು ಹಾಡಿಗೆ ಹಾಡು ಬರುತ್ತವೆ. ಬಂದೂಕಿನ ಹೆಮ್ಮೆಯೂ ಅಷ್ಟೇ. ರ‍್ಯಾಪರ್ ತನ್ನ ಆಲ್ಬಂನಲ್ಲಿ ಹಾಗೆ ಹೇಳಿದರೆ ಅದು ಅವನ ಪಾತ್ರ, ಅವನ ಬದುಕು ಎಂದು ಕೇಳಬಹುದು. ಪ್ರೊಡ್ಯೂಸರ್ ಇಡೀ ಆಲ್ಬಂ ತನ್ನದು ಎನ್ನುವುದಾದರೆ ಆ ಸಾಲುಗಳನ್ನು ಆರಿಸಿಟ್ಟವನೂ ಅವನೇ ಅಲ್ಲವೇ? ಒಳ್ಳೆಯ ಕೂಡಿಕೆಗಳ ಹೆಸರು ಅವನಿಗೆ, ಪದಗಳ ಹೊಣೆ ಅತಿಥಿಗಳಿಗೆ ಎಂದರೆ ನ್ಯಾಯವಲ್ಲ.


ಕರಿಹಲಗೆ

ಮೇಡಂ, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಡೆತನ ಎಂದರೆ ಎರಡೂ. ಅದೇ ‘ವಾಕ್ ಎಮ್ ಡೌನ್’ನಲ್ಲಿ ಅವನು ಏನು ಮಾಡಿದ್ದಾನೆ ನೋಡಿ. ಮೊದಲರ್ಧ 21 ಸ್ಯಾವೇಜ್ ತಣ್ಣಗೆ ಬೆದರಿಸುತ್ತಾನೆ. ಎರಡನೆಯರ್ಧ ಕೊಟ್ಟಿರುವುದು ಮುಸ್ತಫಾನಿಗೆ. ಕೊಲೆಯಾದ ಗೆಳೆಯರ ಶೋಕವನ್ನೇ 2021ರ ‘ವೆನ್ ಸ್ಮೋಕ್ ರೈಸಸ್’ನಲ್ಲಿ ಹಾಡಿಟ್ಟವನು ಅವನು. ಕೊಲ್ಲುವ ಮಾತಿನ ಬೆನ್ನಿಗೇ ಉಳಿದವರ ಅಳಲು. ಇದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಉಳಿದ ಹಾಡುಗಳಿಗೂ ಇಂಥ ಎಚ್ಚರ ಇದೆಯೇ ಎಂದರೆ, ಇಲ್ಲ.


ಶ್ರುತಿಪೆಟ್ಟಿಗೆ

ಆ ಒಂದು ಹಾಡಿಗೆ ಒಪ್ಪುತ್ತೇನೆ. ಹೆಣ್ಣಿನ ವಿಷಯಕ್ಕೆ ಅಂಥ ತಿರುವು ಎಲ್ಲೂ ಬರುವುದಿಲ್ಲ. 13 ಅತಿಥಿಗಳಲ್ಲಿ ಒಬ್ಬಳೂ ಹೆಣ್ಣಿಲ್ಲ ಎನ್ನುವುದನ್ನೂ ಗಮನಿಸಿ.


ಪೀಚ್‌ಟ್ರೀ_ಕನ್ನಡಿಗ

ನಾನು ಅಟ್ಲಾಂಟಾದಲ್ಲೇ ಇರುವುದು, ಕೆಲಸದ ಮೇಲೆ ಬಂದವನು ಇಲ್ಲೇ ನೆಲೆಯಾದೆ. ಒಂದು ಪ್ರಶ್ನೆ ಇಲ್ಲಿ ಆಗಾಗ ಬರುತ್ತದೆ: ಮೆಟ್ರೋ ಅಮೆರಿಕದ ದಕ್ಷಿಣದವನೇ ಅಲ್ಲವಲ್ಲ? ಲೀಲ್ಯಾಂಡ್ ವೇಯ್ನ್ (ಮೆಟ್ರೋನ ನಿಜ ಹೆಸರು) ಹುಟ್ಟಿದ್ದು 1993ರಲ್ಲಿ ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ, ಅದು ಮಧ್ಯಪಶ್ಚಿಮ. ಸೇಂಟ್ ಲೂಯಿಸ್‌ನಿಂದ ಇಲ್ಲಿಗೆ ಕಾರಲ್ಲಿ ಎಂಟು ಗಂಟೆ ಹಾದಿ. ಅವನಿನ್ನೂ ಹೈಸ್ಕೂಲ್ ಹುಡುಗನಾಗಿದ್ದಾಗ ಟ್ವಿಟರ್‌ನಲ್ಲಿ ಇಲ್ಲಿನ ರ‍್ಯಾಪರ್‌ಗಳಿಗೆ ಬೀಟ್ ಕಳಿಸುತ್ತಿದ್ದ. ಕರೆ ಬಂದರೆ ಅವನ ತಾಯಿ ಲೆಸ್ಲಿ ವೇಯ್ನ್ ತಾವೇ ಕಾರು ಓಡಿಸಿಕೊಂಡು ಮಗನನ್ನು ವಾರಾಂತ್ಯಕ್ಕೆ ಇಲ್ಲಿಗೆ ಕರೆತರುತ್ತಿದ್ದರು, ಮತ್ತೆ ಸ್ಕೂಲಿಗೆ ವಾಪಸ್. 2012ರಲ್ಲಿ ಮೋರ್‌ಹೌಸ್ ಕಾಲೇಜಿಗೆ ಸೇರಿದ, ಒಂದೇ ಸೆಮಿಸ್ಟರ್‌ಗೆ ಬಿಟ್ಟ. ಅಷ್ಟು ಹೊತ್ತಿಗೆ ನಗರವೇ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತ್ತು.

ದಕ್ಷಿಣ ಎನ್ನುವುದು ಹುಟ್ಟಿದ ಊರಿನಿಂದ ಬರುವುದಲ್ಲ, ಇಲ್ಲಿ ಕಲಿತ ಕೇಳ್ಮೆಯಿಂದ ಬರುವುದು. 21 ಸ್ಯಾವೇಜ್ ಹುಟ್ಟಿದ್ದು ಲಂಡನ್‌ನಲ್ಲಿ. ಅದು ಎಲ್ಲರಿಗೂ ಗೊತ್ತಾಗಿದ್ದು 2019ರ ಫೆಬ್ರವರಿಯಲ್ಲಿ ವಲಸೆ ಇಲಾಖೆ ಅವನನ್ನು ಹಿಡಿದಾಗ. ಆದರೆ ಅವನ ಮಾತಿನ ಎಳೆತ, ಅವನ ರಸ್ತೆಗಳು ಎಲ್ಲವೂ ಪೂರ್ವ ಅಟ್ಲಾಂಟಾದವು. ‘ಅಂಬ್ರೆಲಾ’ದಲ್ಲಿ ಜೊತೆಗೆ ಬರುವ ಯಂಗ್ ನೂಡಿ ಅವನ ಸೋದರಸಂಬಂಧಿ, ಅದೇ ಕೇರಿಯವನು. ಆ ಹಾಡನ್ನು ಇಲ್ಲಿನವರು ಕೇಳುವಾಗ ಅದು ಇಬ್ಬರು ಸ್ಟಾರ್‌ಗಳ ಹಾಡಾಗಿ ಕೇಳಿಸುವುದಿಲ್ಲ, ಒಂದು ಮನೆಯ ಮಾತಾಗಿ ಕೇಳಿಸುತ್ತದೆ.

ಟ್ರಾವಿಸ್ ಮತ್ತು ಟಾಲಿವರ್ ಹ್ಯೂಸ್ಟನ್‌ನವರು. ಅಲ್ಲಿ ಡಿಜೆ ಸ್ಕ್ರೂ ಹಾಡುಗಳನ್ನು ನಿಧಾನ ಮಾಡಿ, ಕತ್ತರಿಸಿ, ಮತ್ತೆ ಮತ್ತೆ ತಿರುಗಿಸಿ ಟೇಪ್ ಮಾಡುತ್ತಿದ್ದ. ಅವನು ತೀರಿಕೊಂಡು 20 ವರ್ಷದ ಮೇಲಾಯಿತು, ಆ ಜಡ ನಡಿಗೆ ಹ್ಯೂಸ್ಟನ್ ಬಿಟ್ಟು ಹೋಗಿಲ್ಲ. ಅಟ್ಲಾಂಟಾ ಬೀಟ್ ಮೇಲೆ ಹ್ಯೂಸ್ಟನ್ ಮಂಪರು, ಈ ಆಲ್ಬಂನ ಅರ್ಧ ಹಾಡುಗಳ ಗುಟ್ಟು ಇದು.


ಬೇಸ್_ಬಡಗಿ

ಪೀಚ್‌ಟ್ರೀ ಅಣ್ಣ, ತಾಯಿಯ ವಿಷಯ ಹೇಳಿದ್ದು ಒಳ್ಳೆಯದಾಯ್ತು. ಅವನಿಗೆ 13 ವರ್ಷ ಇದ್ದಾಗ ಮೊದಲ ಲ್ಯಾಪ್‌ಟಾಪ್ ಕೊಡಿಸಿದ್ದೂ ಅವರೇ. ಆಲ್ಬಂ ಬರುವ ಆರು ತಿಂಗಳ ಹಿಂದೆ, 2022ರ ಜೂನ್‌ನಲ್ಲಿ ಅವರ ಕೊಲೆಯಾಯಿತು. ಅದು ಗೊತ್ತಿದ್ದು ಕೇಳಿದರೆ ‘ಐ ಕಾಂಟ್ ಸೇವ್ ಯೂ’, ಅಂದರೆ ‘ನಿನ್ನನ್ನು ಉಳಿಸಲಾರೆ’ ಅನ್ನೋ ಹೆಸರಿನ ಹಾಡು ಬೇರೆಯೇ ಆಗಿಬಿಡುತ್ತೆ.


ಧಾರವಾಡದ_ಕಿವಿ

ಅಲ್ಲಿ ಸ್ವಲ್ಪ ತಡೀರಿ. ಆ ಹಾಡು ತಾಯಿ ಸಲುವಾಗಿ ಅಂತ ಆತ ಎಲ್ಲೂ ಹೇಳಿಲ್ಲ, ಪದಾನೂ ಪ್ರೇಮದ್ದು. ನಮ್ಮ ದುಃಖ ಆತನ ಮ್ಯಾಲೆ ಹೊರಸೂದು ಬ್ಯಾಡ. ಆದ್ರ ಇಡೀ ಆಲ್ಬಂ ಸುತ್ತ ಸಾವು ಐತಿ ಅನ್ನೂದು ಖರೆ. ‘ಫೀಲ್ ದ ಫೈಯಾ’ದಾಗ ಟೇಕ್‌ಆಫ್ ದನಿ ಐತೆಲ್ಲ, ಆ ಹುಡುಗನ್ನ ಹ್ಯೂಸ್ಟನ್ನಿನ್ಯಾಗ 2022ರ ನವೆಂಬರ್ 1ಕ್ಕ ಗುಂಡ ಹೊಡದು ಕೊಂದ್ರು. ಆಲ್ಬಂ ಬಂದದ್ದು ಒಂದು ತಿಂಗಳಿಗೆ. ವಯಸ್ಸು 28.


ರಾತ್ರಿಪಾಳಿ

ಟೇಕ್‌ಆಫ್ ಇದ್ದ ಮೂವರ ರ‍್ಯಾಪ್ ತಂಡ ಮಿಗೋಸ್‌ನ ಅಭಿಮಾನಿಯಾಗಿ ಇದನ್ನು ಹೇಳದೆ ಇರಲಾರೆ. ಮೆಟ್ರೋ ಮತ್ತು ಮಿಗೋಸ್ ಸೇರಿ ಮಾಡಿದ ‘ಬ್ಯಾಡ್ ಆ್ಯಂಡ್ ಬೂಜೀ’ 2017ರ ಜನವರಿಯಲ್ಲಿ ಬಿಲ್‌ಬೋರ್ಡ್ ಹಾಟ್ 100ರ (ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿ) ತುದಿಗೇರಿತು. ಅದರಲ್ಲಿ ಟೇಕ್‌ಆಫ್‌ನ ವರ್ಸ್ ಇರಲಿಲ್ಲ, ವರ್ಷಗಟ್ಟಲೆ ಸಂದರ್ಶನಗಳಲ್ಲಿ ಅವನನ್ನು ಅದನ್ನೇ ಕೆದಕಿ ಕೇಳಿದರು. ಮೂವರಲ್ಲಿ ಅತಿ ಗಟ್ಟಿ ರ‍್ಯಾಪರ್ ಅವನೇ ಎಂದು ನಂಬುವವರಲ್ಲಿ ನಾನೂ ಒಬ್ಬ. ಮೆಟ್ರೋನ ಆಲ್ಬಂನಲ್ಲಿ ಅವನ ದನಿ ಕೇಳಿದಾಗ ಹಾಡು ನಿಲ್ಲಿಸಿ ಸುಮ್ಮನೆ ಕೂತೆ.


ಪೀಚ್‌ಟ್ರೀ_ಕನ್ನಡಿಗ

ಇನ್ನೊಂದು ಸೇರಿಸುತ್ತೇನೆ. ಆಲ್ಬಂ ಬಂದ ದಿನ ಯಂಗ್ ಥಗ್ ಮತ್ತು ಗುನ್ನಾ ಇಬ್ಬರೂ ಜೈಲಿನಲ್ಲಿದ್ದರು. 2022ರ ಮೇನಲ್ಲಿ ಥಗ್ ಕಟ್ಟಿದ ವೈಎಸ್ಎಲ್ ಬಳಗದ ಮೇಲೆ ಹಾಕಿದ ಸಂಘಟಿತ ಅಪರಾಧದ ಪ್ರಕರಣ ಅದು, ರ‍್ಯಾಪ್ ಸಾಲುಗಳನ್ನೇ ಸಾಕ್ಷ್ಯವಾಗಿ ಕೋರ್ಟಿಗೆ ತಂದರು. ಗುನ್ನಾ ಡಿಸೆಂಬರ್ 14ಕ್ಕೆ ಹೊರಬಂದ, ಥಗ್ ಹೊರಬಂದಿದ್ದು 2024ರ ಅಕ್ಟೋಬರ್ ಕೊನೆಗೆ. ‘ಮೆಟ್ರೋ ಸ್ಪೈಡರ್’ ಪೂರ್ತಿ ಥಗ್‌ನದೇ ಹಾಡು. ಅವನು ಒಳಗಿದ್ದ ಆ ಚಳಿಗಾಲದಲ್ಲಿ ಊರಿನ ಪ್ರತಿ ಕಾರಿನಿಂದ ಅವನ ದನಿ ಬರುತ್ತಿತ್ತು. ಆಗ ಒಬ್ಬ ಅತಿಥಿ ತೀರಿಕೊಂಡಿದ್ದ, ಇಬ್ಬರು ಜೈಲಿನಲ್ಲಿದ್ದರು, ಕರೆದವನ ತಾಯಿ ಇರಲಿಲ್ಲ. ‘ದುಬಾರಿ ಪ್ಲೇಲಿಸ್ಟ್’ ಎನ್ನುವವರು ಇದನ್ನು ಒಮ್ಮೆ ಯೋಚಿಸಲಿ.


ಹಳೇ_ಕ್ಯಾಸೆಟ್

ಇದೆಲ್ಲ ಓದಿದ ಮೇಲೆ ಪರಂಪರೆಯ ಮಾತು ಹೇಳಬೇಕು ಅನ್ನಿಸಿತು. ದಕ್ಷಿಣದ ಪ್ರೊಡ್ಯೂಸರ್ ತನ್ನ ಹೆಸರಿನಲ್ಲಿ ಅತಿಥಿಗಳನ್ನು ಕೂಡಿಸುವುದು ಮೆಟ್ರೋನಿಂದ ಶುರುವಾಗಿದ್ದಲ್ಲ. 1998ರ ಜುಲೈನಲ್ಲಿ ಅಟ್ಲಾಂಟಾದ ಜರ್ಮೇನ್ ಡುಪ್ರಿ ‘ಲೈಫ್ ಇನ್ 1472’ ತಂದ. ಜೇ-ಝೀ, ನಾಸ್, ಮರಾಯಾ ಕ್ಯಾರಿ, ಅಶರ್, ಸ್ನೂಪ್ ಎಲ್ಲರೂ ಅದರಲ್ಲಿದ್ದಾರೆ. ಬಿಲ್‌ಬೋರ್ಡ್ 200 ಎಂಬ ಆಲ್ಬಂ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ನಾಸ್ ಇರುವ ‘ಟರ್ನ್ ಇಟ್ ಔಟ್’ನ ಬೀಟ್ ಮಾಡಿದ್ದು ಆಗಿನ್ನೂ ಯಾರಿಗೂ ಗೊತ್ತಿರದ ಕಾನ್ಯೆ ವೆಸ್ಟ್. ಡುಪ್ರಿ ತಾನೇ ರ‍್ಯಾಪ್ ಮಾಡುತ್ತಾನೆ, ಅತಿಥೇಯನಾಗಿ ಬಾಗಿಲಲ್ಲೇ ನಿಂತಿರುತ್ತಾನೆ. ಸಂಭ್ರಮದ ಆಲ್ಬಂ. ಆದರೆ ಅದರಲ್ಲಿ ಒಂದು ಹಾಡು ಕಿತ್ತು ಆಚೆ ಇಟ್ಟರೂ ಉಳಿದವಕ್ಕೆ ಏನೂ ಆಗುವುದಿಲ್ಲ.

ಇನ್ನೊಬ್ಬ ನ್ಯೂ ಆರ್ಲಿಯನ್ಸ್‌ನ ಮ್ಯಾನಿ ಫ್ರೆಶ್. ಕ್ಯಾಶ್ ಮನಿ ರೆಕಾರ್ಡ್ಸ್‌ನ ಸದ್ದೆಲ್ಲ ಬಹುಪಾಲು ಅವನೊಬ್ಬನ ಕೈಯಿಂದ ಬಂದದ್ದು. ಜುವೆನೈಲ್‌ನ 1998ರ ‘400 ಡಿಗ್ರೀಸ್’ ಕೇಳಿದರೆ ಸಾಕು, ಆ ಊರಿನ ಬೌನ್ಸ್ ಕುಣಿತ ಹೇಗೆ ದೇಶಕ್ಕೆಲ್ಲ ಹಬ್ಬಿತು ಅಂತ ತಿಳಿಯುತ್ತದೆ. 2004ರ ಡಿಸೆಂಬರ್‌ನಲ್ಲಿ ತನ್ನದೇ ‘ದ ಮೈಂಡ್ ಆಫ್ ಮ್ಯಾನಿ ಫ್ರೆಶ್’ ತಂದ, ಅದರಲ್ಲೂ ಅವನೇ ಮಾತಾಡುತ್ತಾನೆ, ನಗಿಸುತ್ತಾನೆ. ‘ರಿಯಲ್ ಬಿಗ್’ ಅದರದೇ ಹಾಡು.

ಮಯಾಮಿಯ ಡಿಜೆ ಖಾಲಿದ್ 2006ರಿಂದ ಹಿಡಿದ ದಾರಿ ಬೇರೆ. ದೊಡ್ಡ ಹೆಸರುಗಳನ್ನು ಒಂದೆಡೆ ಸೇರಿಸುವ ಶಕ್ತಿಯೇ ಅಲ್ಲಿ ಕಲೆ. ಅದನ್ನು ಕೀಳಾಗಿ ನೋಡಲು ನನಗೆ ಮನಸ್ಸಿಲ್ಲ, ಆದರೆ ಆ ಆಲ್ಬಂಗಳನ್ನು ನಾನು ಮೊದಲಿಂದ ಕೊನೆಗೆ ಕೇಳಿಲ್ಲ.

ಡುಪ್ರಿ, ಮ್ಯಾನಿ ಇಬ್ಬರೂ ಮಾತಾಡಿ ತಮ್ಮ ಆಲ್ಬಂ ಉಳಿಸಿಕೊಂಡರು. ಮೆಟ್ರೋ ಬಾಯಿ ತೆರೆಯದೆ ಉಳಿಸಿಕೊಂಡಿದ್ದಾನೆ. ಕಷ್ಟದ ಕೆಲಸ ಯಾವುದು ಅಂತ ನನಗೇನೂ ಅನುಮಾನವಿಲ್ಲ.


ಶ್ರುತಿಪೆಟ್ಟಿಗೆ

ಸರ್, ಆದರೆ ಮೆಟ್ರೋ ಒಬ್ಬನೇ ಮಾಡಿದ್ದೂ ಅಲ್ಲ. ಕ್ರೆಡಿಟ್ಸ್ ತೆಗೆದು ನೋಡಿ. ಆನರಬಲ್ ಸಿ-ನೋಟ್, ಆ್ಯಲನ್ ರಿಟ್ಟರ್ ಮುಂತಾದವರ ಹೆಸರು ಮತ್ತೆ ಮತ್ತೆ ಬರುತ್ತವೆ. ಒಂದು ಬೀಟ್‌ಗೆ ಮೂರು ನಾಲ್ಕು ಜನ. ಹಾಡುವವರೂ ಬೇರೆ, ಮೆಲಡಿ ಕಟ್ಟಿದವರೂ ಬೇರೆ ಎಂದರೆ?

ಇನ್ನು ‘ಕ್ರೀಪಿನ್’. ಆಲ್ಬಂನ ಅತಿ ದೊಡ್ಡ ಹಾಡು, ಹಾಟ್ 100ರಲ್ಲಿ 3ರವರೆಗೆ ಹೋದದ್ದು. ಅದು ಗಾಯಕ ಮಾರಿಯೋ ವಿನಾನ್ಸ್‌ನ 2004ರ ‘ಐ ಡೋಂಟ್ ವಾನಾ ನೋ’ ಹಾಡಿನ ಮರುರೂಪ. ವಿನಾನ್ಸ್ ಅದಕ್ಕೆ ತಳವಾಗಿ ಬಳಸಿದ್ದು ಹಿಪ್-ಹಾಪ್ ತಂಡ ಫ್ಯೂಜೀಸ್‌ನ 1996ರ ‘ರೆಡಿ ಆರ್ ನಾಟ್’ನಲ್ಲಿದ್ದ ತುಣುಕನ್ನು. ಫ್ಯೂಜೀಸ್ ತೆಗೆದುಕೊಂಡದ್ದು ಐರ್ಲೆಂಡ್‌ನ ಎನ್ಯಾ 1987ರಲ್ಲಿ ಹಾಡಿದ ‘ಬೋಡಿಸಿಯಾ’ದಿಂದ, ಅದೂ ಅನುಮತಿ ಕೇಳದೆ. ಎನ್ಯಾ ಕೋರ್ಟಿಗೆ ಹೋಗುವ ಹಂತಕ್ಕೆ ಬಂದು ಆಮೇಲೆ ರಾಜಿಯಾಯಿತು. ಪದಗಳೇ ಇಲ್ಲದೆ ಬರೀ ಗುನುಗು ಪದರಗಳಲ್ಲಿ ಕಟ್ಟಿದ ಹಾಡು ಅದು. ಇಡೀ ಆಲ್ಬಂನಲ್ಲಿ ನಮಗೆ ಕೇಳಿಸುವ ಒಂದು ಹೆಣ್ಣುಜೀವದ ನೆರಳು ಆ ಗುನುಗು. 35 ವರ್ಷಗಳಲ್ಲಿ ಅದು ನಾಲ್ಕು ಕೈ ದಾಟಿ ಬಂದಿದೆ. ಇದರಲ್ಲಿ ಮೆಟ್ರೋ ಮಾಡಿದ್ದೇನು?


ಬೇಸ್_ಬಡಗಿ

ಒಳ್ಳೆ ಪ್ರಶ್ನೆ ಮೇಡಂ, ಕೆಲಸ ಗೊತ್ತಿರೋದರಿಂದ ಹೇಳ್ತೀನಿ. ವಿನಾನ್ಸ್ ಹಾಡನ್ನೂ ಇದನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಮೆಲಡಿ ಹೆಚ್ಚುಕಮ್ಮಿ ಅದೇ. ಆದರೆ 2004ರದು ಆರ್&ಬಿ ಹಾಡು, ಬೇಡಿಕೊಳ್ಳುತ್ತೆ. ಮೆಟ್ರೋ ಅದರ ಕೆಳಗೆ ತನ್ನ ಡ್ರಮ್ಸ್ ಮತ್ತು ಬೇಸ್ ಇಟ್ಟು, ವೀಕೆಂಡ್‌ನನ್ನು ಕರೆದ. ವೀಕೆಂಡ್‌ನ ದನಿಯಲ್ಲಿ ಬೇಡಿಕೆ ಇಲ್ಲ, ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವ ಭಯ ಇದೆ. ಆಮೇಲೆ 21 ಸ್ಯಾವೇಜ್ ಬಂದು ಅದೇ ಅನುಮಾನವನ್ನು ಏರಿಳಿತವಿಲ್ಲದೆ ಹೇಳ್ತಾನೆ. ಪಾತ್ರ ಆರಿಸಿದ್ದರಲ್ಲೇ ಹಾಡು ಬದಲಾಯ್ತು. ಇನ್ಯಾರನ್ನೋ ಕರೆದಿದ್ದರೆ ಅದು ಹಳೇ ಹಾಡಿನ ನಕಲು ಆಗಿ ಮುಗಿಯುತ್ತಿತ್ತು.

ಸಹ-ಪ್ರೊಡ್ಯೂಸರ್‌ಗಳ ವಿಷಯದಲ್ಲಿ ನಿಮ್ಮ ಕಳಕಳಿ ನಿಜ. ಮೆಲಡಿ ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ಕಟ್ಟುವ ಹುಡುಗರ ಹೆಸರು ಕೇಳುಗರಿಗೆ ಮುಟ್ಟೋದೇ ಇಲ್ಲ, ಈ ಉದ್ಯಮದಲ್ಲಿ ಅದು ದೊಡ್ಡ ನೋವು. ನನ್ನಂಥವರು ಅದನ್ನು ಅನುಭವಿಸಿದ್ದೀವಿ. ಆದರೆ ಅಟ್ಲಾಂಟಾದಲ್ಲಿ ಗುಂಪಾಗಿ ಕೂತು ಮಾಡೋದೇ ಹಳೆ ಪದ್ಧತಿ. ಆರ್ಗನೈಸ್ಡ್ ನಾಯ್ಸ್ ಎಂಬ ಪ್ರೊಡ್ಯೂಸರ್ ತಂಡದ ಮೂವರು, ಅವರಲ್ಲೊಬ್ಬನಾದ ರಿಕೋ ವೇಡ್‌ನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಔಟ್‌ಕಾಸ್ಟ್, ಗೂಡಿ ಮಾಬ್ ರ‍್ಯಾಪ್ ತಂಡಗಳನ್ನೆಲ್ಲ ಕೂಡಿಸಿಕೊಂಡು ಕೆಲಸ ಮಾಡಿದರು. ಯಾರು ಯಾವ ಗುಂಡಿ ಒತ್ತಿದರು ಅಂತ ಲೆಕ್ಕ ಹಾಕೋಕಾಗಲ್ಲ. ಕೊನೆಗೆ ‘ಇದು ಸಾಕು, ಇದು ಬೇಡ’ ಅಂತ ಹೇಳುವವನ ಹೆಸರು ಮೇಲೆ ಬರುತ್ತೆ.


ಪೀಚ್‌ಟ್ರೀ_ಕನ್ನಡಿಗ

ಆ ನೆಲಮಾಳಿಗೆಯನ್ನು ಇಲ್ಲಿ ‘ಡಂಜನ್’ ಎಂದೇ ಕರೆಯುತ್ತಾರೆ. 1995ರ ಸೋರ್ಸ್ (ಹಿಪ್-ಹಾಪ್ ಪತ್ರಿಕೆ) ಪ್ರಶಸ್ತಿ ಸಮಾರಂಭದಲ್ಲಿ ನ್ಯೂಯಾರ್ಕ್ ಸಭಿಕರು ಔಟ್‌ಕಾಸ್ಟ್ ಹೆಸರು ಕೇಳಿ ಕೂಗಾಡಿದಾಗ ಆ ತಂಡದ ಆಂಡ್ರೆ ‘ದಕ್ಷಿಣಕ್ಕೂ ಹೇಳುವುದಿದೆ’ ಎಂದದ್ದು ಆ ಮನೆಯ ಪರವಾಗಿಯೂ ಹೌದು. ರಿಕೋ ವೇಡ್ 2024ರಲ್ಲಿ ತೀರಿಕೊಂಡರು. ಅವತ್ತು ಕೂಗು ತಿಂದ ಊರಿನಿಂದ ಈಗ ಹಾರ್ಲೆಮ್‌ನ ಏಸ್ಯಾಪ್ ರಾಕಿ, ಟೊರೊಂಟೋದ ವೀಕೆಂಡ್‌ಗೆ ಕರೆ ಹೋಗುತ್ತದೆ, ಅವರು ಬಂದು ಇಲ್ಲಿನ ಬೀಟ್‌ಗೆ ತಕ್ಕಂತೆ ಹಾಡುತ್ತಾರೆ. ನನಗಂತೂ ಈ ಆಲ್ಬಂನಲ್ಲಿ ಅತಿ ಹೆಮ್ಮೆಯ ಸಂಗತಿ ಅದು.


ಕರಿಹಲಗೆ

ಶ್ರುತಿಪೆಟ್ಟಿಗೆ ಮೇಡಂ ಎತ್ತಿದ ಎರಡೂ ಮಾತು, ಪದಗಳ ಹೊಣೆ ಮತ್ತು ಕಾಣದ ಕೈಗಳು, ನನ್ನ ಗೆಳೆಯರ ವಾದಕ್ಕಿಂತ ಎಷ್ಟೋ ಗಟ್ಟಿ. ಅವರಿಗೆ ಈ ಚರ್ಚೆ ಕಳಿಸುತ್ತಿದ್ದೇನೆ.

ಒಂದು ವಿಷಯ ಉಳಿಯಿತು. 2018ರ ಮೊದಲ ಆಲ್ಬಂಗೆ ಹೋಲಿಸಿದರೆ? ಅದೂ ಬಿಲ್‌ಬೋರ್ಡ್ 200ರಲ್ಲಿ 1ನೇ ಸ್ಥಾನ, ಇದೂ 1ನೇ ಸ್ಥಾನ.


ಧಾರವಾಡದ_ಕಿವಿ

‘ನಾಟ್ ಆಲ್ ಹೀರೋಸ್ ವೇರ್ ಕೇಪ್ಸ್’ ಹಗುರ ಐತಿ, ಅದ ಅದರ ಚಂದ. ಅದರಾಗ ನೈಜೀರಿಯಾದ ವಿಝ್‌ಕಿಡ್ ಅದಾನ, ಕೊಲಂಬಿಯಾದ ಜೆ ಬಾಲ್ವಿನ್ ಅದಾನ, ‘ಓನ್ಲಿ ಯೂ’ ಕೇಳ್ರಿ, ಬಿಸಿಲಿನ್ಯಾಗ ಕುಂತಂಗ ಅನಸ್ತದ. ‘10 ಫ್ರೀಕಿ ಗರ್ಲ್ಸ್’ನ್ಯಾಗ ಕಶೀಫ್ ಮತ್ತ ವಿಟ್ನಿ ಹ್ಯೂಸ್ಟನ್ ಹಾಡಿದ ಹಳೇ ಹಾಡಿನ ತುಣುಕ ಐತಿ, ಅದರ ಮ್ಯಾಲೆ 21 ಸ್ಯಾವೇಜ್ ಎಷ್ಟ ಆರಾಮ ನಡೀತಾನ! ಎರಡನೇದು ಅದಕ್ಕಿಂತ ಕತ್ತಲಿ, ಕಟ್ಟುಮಸ್ತು. ಕವರ್ ನೋಡ್ರಿ, ಪಿಂಕ್ ಫ್ಲಾಯ್ಡ್‌ನ 1975ರ ಆಲ್ಬಂ ನೆನಪ ಮಾಡಿ ಬೆಂಕಿ ಹತ್ತಿದ ಮನಷಾ ಕೈ ಕುಲುಕತಾನ. ನನ್ನ ಕೇಳಿದ್ರ ಎರಡನೇದ ಮ್ಯಾಲಿಂದು, ಆದ್ರ ಮನೀ ಮಂದಿ ಮುಂದ ಹಚ್ಚೂದು ಎರಡೂ ಬ್ಯಾಡ.


ಹೊಸಕೇಳುಗ

ನಾನು ಈ ಸಂಗೀತಕ್ಕೆ ತೀರಾ ಹೊಸಬ, ಇದನ್ನೆಲ್ಲ ಓದಿ ಕೇಳಬೇಕೆನ್ನಿಸಿದೆ. ಎಲ್ಲಿಂದ ಶುರು ಮಾಡಲಿ?


ಬೇಸ್_ಬಡಗಿ

ಮೊದಲು ‘ಸೂಪರ್‌ಹೀರೋ’ ಒಂದೇ ಕೇಳಿ, ತುತ್ತೂರಿ ಬಂದು ಬೀಟ್ ಬೀಳುವಾಗ ಹಿಡಿಸಿತಾ ನೋಡಿ. ಹಿಡಿಸಿದರೆ ಆಲ್ಬಂ ಮೊದಲಿಂದ ಹಾಕಿ, ಶಫಲ್ ಆಫ್ ಮಾಡಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಕೆಳಗಿನ ಬೇಸ್ ಅದರಲ್ಲಿ ಬರೋದೇ ಇಲ್ಲ. ಆಮೇಲೆ ‘400 ಡಿಗ್ರೀಸ್’ಗೆ ಹೋಗಿ, ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.


ಶ್ರುತಿಪೆಟ್ಟಿಗೆ

ಜೊತೆಗೆ ‘ಬೋಡಿಸಿಯಾ’ ಕೂಡ ಕೇಳಿ. ಅದನ್ನು ಕೇಳಿದ ಮೇಲೆಯೇ ‘ಕ್ರೀಪಿನ್’ ಹಾಕಿ.